ಹದವನ್ನು ಹುಡುಕುವ ಬಗೆ: ಕೈಗಾರಿಕೆಯ ಪ್ರಯೋಗ ವಿನ್ಯಾಸ ಮತ್ತು ಕನ್ನಡದ ಪರಿಭಾಷೆ

ಕೈಗಾರಿಕೆಗಳಲ್ಲಿ ಉತ್ಪನ್ನದ ಗುಣಮಟ್ಟವನ್ನು ಸುಧಾರಿಸಲು ಬಳಕೆಯಾಗುವ ಪ್ರಯೋಗ ವಿನ್ಯಾಸ ಎಂಬ ಜ್ಞಾನಶಿಸ್ತಿನ ಇಂಗ್ಲಿಷ್ ಪರಿಭಾಷೆಯನ್ನು ಗಮನಿಸಿದವರಿಗೆ ಒಂದು ಸಂಗತಿ ಎದ್ದುಕಾಣುತ್ತದೆ. ಉಕ್ಕು, ಔಷಧ, ಬಣ್ಣ, ಬೇರಿಂಗ್, ಎಲೆಕ್ಟ್ರಾನಿಕ್ ಬಿಡಿಭಾಗ ಮುಂತಾದವುಗಳ ತಯಾರಿಕೆಯಲ್ಲಿ ತೊಡಗಿರುವ ಎಂಜಿನಿಯರುಗಳು ತಮ್ಮ ಪ್ರಯೋಗಗಳನ್ನು ವಿವರಿಸುವಾಗ ‘ಪ್ಲಾಟ್’, ‘ಬ್ಲಾಕ್’, ‘ಸ್ಪ್ಲಿಟ್ ಪ್ಲಾಟ್’, ‘ಟ್ರೀಟ್‌ಮೆಂಟ್’ ಎಂಬ ಪದಗಳನ್ನು ಬಳಸುತ್ತಾರೆ. ಇವು ಯಂತ್ರಶಾಲೆಯಲ್ಲಿ ರೂಢಿಗೆ ಬಂದ ಪದಗಳಲ್ಲ. ಇಂಗ್ಲೆಂಡಿನ ಗೋಧಿಯ ಹೊಲಗಳಿಂದ, ಆಲೂಗಡ್ಡೆಯ ತಾಕುಗಳಿಂದ ಕಾರ್ಖಾನೆಗೆ ನಡೆದುಬಂದವು. ಒಂದು ಶಿಸ್ತು ತನ್ನ ಹುಟ್ಟೂರಿನ ಮಾತನ್ನು ಉಳಿಸಿಕೊಂಡೇ ಬೇರೊಂದು ಕಸುಬಿನಲ್ಲಿ ನೆಲೆನಿಂತ ಬಗೆಯಿದು. ಇದೇ ಶಿಸ್ತು ಕನ್ನಡಕ್ಕೆ ಬರುವಾಗ ಮಾತ್ರ ಹೊಲವನ್ನೂ ಕಾರ್ಖಾನೆಯನ್ನೂ ಬದಿಗಿಟ್ಟು ಸಂಸ್ಕೃತದ ಧಾತುಗಳ ಮೂಲಕ ಬಂದಿದೆ. ‘ಯಾದೃಚ್ಛಿಕೀಕರಣ’ದಂತಹ ಪದ ಪಾರಿಭಾಷಿಕ ಕೋಶದಲ್ಲಿ ತಪ್ಪಿಲ್ಲದೆ ಕೂರುತ್ತದೆ, ಕುಲುಮೆಯ ಮುಂದೆ ನಿಂತವನ ಬಾಯಲ್ಲಿ ಅದು ಕೂರುವುದಿಲ್ಲ. ಇದನ್ನು ಪದಗಳ ಸೊಗಸಿನ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಕಾರ್ಖಾನೆಯ ಪ್ರಯೋಗವೊಂದರ ಯಶಸ್ಸು ಅಲ್ಲಿ ಕೈಯಿಟ್ಟು ದುಡಿಯುವವರ ಅರಿವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಆ ಅರಿವು ಇರುವ ಭಾಷೆಯನ್ನು ಶಿಸ್ತು ಮುಟ್ಟದಿದ್ದರೆ ಕೆಡುವುದು ಪ್ರಯೋಗವೇ.

ಶಿಸ್ತಿನ ಚರಿತ್ರೆಯನ್ನು ಸಂಕ್ಷೇಪವಾಗಿಯಾದರೂ ನೆನೆಯುವುದು ಅಗತ್ಯ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ರೊನಾಲ್ಡ್ ಫಿಶರ್ 1919ರಲ್ಲಿ ಸೇರಿದಾಗ ಅಲ್ಲಿ 1843ರಿಂದ ನಡೆದುಬಂದಿದ್ದ ಗೊಬ್ಬರದ ಪ್ರಯೋಗಗಳ ದಾಖಲೆಗಳು ರಾಶಿಬಿದ್ದಿದ್ದವು. ಅವುಗಳಿಂದ ಅರ್ಥವನ್ನು ಹೊರತೆಗೆಯುವುದು ಅವರಿಗೆ ವಹಿಸಿದ ಕೆಲಸ. ಇಳುವರಿಯ ಏರುಪೇರಿನಲ್ಲಿ ಗೊಬ್ಬರದ ಪಾಲೆಷ್ಟು, ಮಳೆಯ ಪಾಲೆಷ್ಟು, ನೆಲದ ಗುಣದ ಪಾಲೆಷ್ಟು ಎಂದು ಬಿಡಿಸಹೊರಟ ಫಿಶರ್ ಅವರಿಗೆ ದಾಖಲೆಯ ಪ್ರಮಾಣ ಹೆಚ್ಚಿದ್ದ ಮಾತ್ರಕ್ಕೆ ಉತ್ತರ ದೊರೆಯುವುದಿಲ್ಲ ಎಂಬುದು ಮನವರಿಕೆಯಾಯಿತು. ಬಿತ್ತುವ ಮುನ್ನವೇ ಪ್ರಶ್ನೆಯನ್ನು ಸರಿಯಾಗಿ ಹೂಡಿರಬೇಕು. 1925ರ ಹಾಗೂ 1935ರ ಅವರ ಎರಡು ಗ್ರಂಥಗಳು ಈ ತಿಳಿವಳಿಕೆಯನ್ನು ಜಗತ್ತಿಗೆ ಹರಡಿದವು. ಹೋಲಿಕೆಯನ್ನು ಒಂದೇ ಸಲಕ್ಕೆ ನಿಲ್ಲಿಸದೆ ಮರಳಿ ಮರಳಿ ಮಾಡಬೇಕು. ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಪ್ರಯೋಗ ಮಾಡುವವನ ಇಚ್ಛೆಗೆ ಬಿಡದೆ ಚೀಟಿ ಎತ್ತಿ ಗೊತ್ತುಮಾಡಬೇಕು. ಸರೀಕರನ್ನು ಸರೀಕರೊಡನೆಯೇ ಹೋಲಿಸಬೇಕು. ಇದರೊಡನೆ, ಒಂದು ಸಲಕ್ಕೆ ಒಂದೇ ಪ್ರಶ್ನೆಯನ್ನು ಕೇಳಬೇಕು ಎಂಬ ರೂಢಿಯನ್ನು ಅವರು 1926ರ ಲೇಖನವೊಂದರಲ್ಲಿಯೇ ತಿರಸ್ಕರಿಸಿದ್ದರು. ಕೈಗಾರಿಕೆಗೆ ಅತ್ಯಂತ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಈ ತಿರಸ್ಕಾರವೇ.

ಇದರ ಅರ್ಥವನ್ನು ಬಿಡಿಸಲು ಎರಕದ ಕೆಲಸವನ್ನು ತೆಗೆದುಕೊಳ್ಳಬಹುದು. ಬೆಳಗಾವಿಯ ಫೌಂಡ್ರಿಗಳಿಂದಾಗಿ ಕರ್ನಾಟಕಕ್ಕೆ ಈ ಕಸುಬು ಪರಿಚಿತವೇ. ಹಸಿ ಮರಳಿನ ಅಚ್ಚಿನಲ್ಲಿ ಮರಳು, ಬೆಂಟೊನೈಟ್ ಜೇಡಿ, ನೀರು ಇವು ಮುಖ್ಯ. ನೀರು ಹೆಚ್ಚಾದರೆ ಕಾದ ಲೋಹ ತಾಗಿದೊಡನೆ ಆವಿ ಎದ್ದು ಎರಕದೊಳಗೆ ಗಾಳಿಗುಳ್ಳೆಗಳು ಉಳಿಯುತ್ತವೆ. ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಮರಳು ಲೋಹಕ್ಕೆ ಸೇರುತ್ತದೆ. ಅಚ್ಚು ಕಟ್ಟುವವನು ಮರಳನ್ನು ಮುಷ್ಟಿಯಲ್ಲಿ ಹಿಡಿದು ಅಮುಕಿ, ಉಂಡೆಯನ್ನು ಮುರಿದು ನೋಡಿ ಹದವನ್ನು ತಿಳಿಯುತ್ತಾನೆ. ಈಗ ಒಬ್ಬ ಎಂಜಿನಿಯರು ದೋಷವನ್ನು ತಗ್ಗಿಸಲು ಹೊರಡುತ್ತಾನೆಂದು ಭಾವಿಸೋಣ. ಶಾಲೆಯಲ್ಲಿ ಕಲಿತ ವಿಧಾನದಂತೆ ಅವನು ಜೇಡಿಯನ್ನು ಸ್ಥಿರವಾಗಿಟ್ಟು ನೀರನ್ನು ಮಾತ್ರ ಏರಿಳಿಸಿ ಒಂದು ಒಳ್ಳೆಯ ಪ್ರಮಾಣವನ್ನು ಕಂಡುಕೊಳ್ಳುತ್ತಾನೆ. ಬಳಿಕ ನೀರನ್ನು ಆ ಪ್ರಮಾಣದಲ್ಲಿಯೇ ನಿಲ್ಲಿಸಿ ಜೇಡಿಯನ್ನು ಹೆಚ್ಚಿಸುತ್ತಾನೆ. ಹೆಚ್ಚಿದ ಜೇಡಿ ಹೆಚ್ಚು ನೀರನ್ನು ಬೇಡುತ್ತದೆ. ಅದು ಸಿಗದೆ ಮರಳು ಪುಡಿಯಾಗುತ್ತದೆ. ಜೇಡಿ ಹೆಚ್ಚಾಗುವುದು ಕೆಟ್ಟದ್ದು ಎಂದು ವರದಿಯಾಗುತ್ತದೆ. ಎರಡನ್ನೂ ಒಟ್ಟಿಗೆ ಏರಿಸಿದ್ದರೆ ಹಿಂದಿನದಕ್ಕಿಂತ ಗಟ್ಟಿಯಾದ ಅಚ್ಚು ದೊರೆಯುತ್ತಿತ್ತೇ ಎಂಬ ಪ್ರಶ್ನೆಯನ್ನು ಆ ವಿಧಾನ ಕೇಳಿಯೇ ಇಲ್ಲ. ಇಲ್ಲಿ ಲೆಕ್ಕದಲ್ಲಿ ತಪ್ಪಿಲ್ಲ, ಅಳತೆಯಲ್ಲಿ ತಪ್ಪಿಲ್ಲ. ಪ್ರಶ್ನೆಯನ್ನು ಹೂಡಿದ ರೀತಿಯಲ್ಲಿಯೇ ಉತ್ತರಕ್ಕೆ ದಾರಿ ಮುಚ್ಚಿಹೋಗಿತ್ತು.

ಕನ್ನಡದ ‘ಹದ’ ಎಂಬ ಮಾತು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮವಾಗಿದೆ ಎಂಬುದನ್ನು ಗಮನಿಸಬೇಕು. ಉಳುವ ನೆಲದ ಹದ, ಪಾಕದ ಹದ, ಕಾಯಿಸಿದ ಕಬ್ಬಿಣದ ಹದ. ಎಲ್ಲಿಯೂ ಹದವೆಂಬುದು ಒಂದೇ ಅಂಶದ ಗುಣವಲ್ಲ. ಆಲೆಮನೆಯಲ್ಲಿ ಬೆಲ್ಲದ ಪಾಕವನ್ನು ತಣ್ಣೀರಿಗೆ ಬಿಟ್ಟು ಉಂಡೆಗಟ್ಟುವುದನ್ನು ನೋಡುವವನು ಬೆಂಕಿ, ಹೊತ್ತು, ಕಬ್ಬಿನ ಹಾಲಿನ ಗುಣ ಇವೆಲ್ಲವುಗಳ ಕೂಡುವಿಕೆಯನ್ನು ಒಂದೇ ನೋಟದಲ್ಲಿ ಅಳೆಯುತ್ತಿರುತ್ತಾನೆ. ಕಬ್ಬು ಬದಲಾದರೆ ಹಿಂದಿನ ದಿನದ ಹೊತ್ತು ಇಂದಿಗೆ ಸಲ್ಲದು ಎಂಬುದು ಅವನಿಗೆ ಗೊತ್ತು. ಸಂಖ್ಯಾಶಾಸ್ತ್ರಜ್ಞರು ‘ಇಂಟರ್ಯಾಕ್ಷನ್’ ಎಂದು ಕರೆಯುವ ಪರಿಕಲ್ಪನೆ ಇದೇ: ಒಂದು ಅಂಶದ ಪರಿಣಾಮ ಇನ್ನೊಂದು ಅಂಶ ಯಾವ ಮಟ್ಟದಲ್ಲಿದೆ ಎಂಬುದನ್ನು ಅವಲಂಬಿಸಿರುವುದು. ಕೋಶಗಳು ಇದಕ್ಕೆ ‘ಅಂತಃಕ್ರಿಯೆ’ ಎಂಬ ಪದವನ್ನು ಕೊಡುತ್ತವೆ. ‘ಕೂಡುಪರಿಣಾಮ’ ಎಂದರೆ ಹೆಚ್ಚು ತಿಳಿಯುತ್ತದೆ. ಆದರೆ ಪದಕ್ಕಿಂತ ಮುಖ್ಯವಾದುದು, ಪರಿಕಲ್ಪನೆ ಈಗಾಗಲೇ ಕಸುಬುದಾರನ ಬಳಿ ಇದೆ ಎಂಬ ಅರಿವು. ಇಲ್ಲದಿರುವುದು ಅದನ್ನು ಸಂಖ್ಯೆಯಲ್ಲಿ ಪರೀಕ್ಷಿಸುವ ಕ್ರಮ. ಹದವನ್ನು ಬಲ್ಲವನು ಕೆಲಸ ಬಿಟ್ಟು ಹೋದ ದಿನ ಹದವೂ ಅವನೊಡನೆ ಹೋಗುತ್ತದೆ. ಈ ಕಾರಣದಿಂದ ದೇಸಿ ಜ್ಞಾನದ ಹೆಸರಿನಲ್ಲಿ ಅನುಭವವನ್ನಷ್ಟೇ ಕೊಂಡಾಡಿ ಪ್ರಯೋಗವನ್ನು ಪರಕೀಯವೆಂದು ದೂರವಿಡುವ ನಿಲುವನ್ನೂ ಒಪ್ಪಲಾಗದು.

ಕೂಡುಪರಿಣಾಮದ ಬೆಲೆ ಎಷ್ಟೆಂಬುದಕ್ಕೆ ಸ್ವೀಡನ್ನಿನ ಎಸ್.ಕೆ.ಎಫ್. ಬೇರಿಂಗ್ ಕಂಪನಿಯ ಪ್ರಯೋಗವೊಂದು ಪ್ರಸಿದ್ಧ ನಿದರ್ಶನ. ಕ್ರಿಸ್ಟರ್ ಹೆಲ್‌ಸ್ಟ್ರಾಂಡ್ ಇದನ್ನು 1989ರಲ್ಲಿ ಪ್ರಕಟಿಸಿದರು. ಬೇರಿಂಗಿನ ಗುಂಡುಗಳನ್ನು ಹಿಡಿದಿಡುವ ಪಂಜರದ ರಚನೆಯನ್ನು ಬದಲಿಸಿದರೆ ಬಾಳಿಕೆ ಹೆಚ್ಚುವುದೇ ಎಂಬುದು ಮೂಲ ಪ್ರಶ್ನೆ. ಅಷ್ಟೇ ಸಂಖ್ಯೆಯ ಪರೀಕ್ಷೆಗಳಲ್ಲಿ ಇನ್ನೆರಡು ಅಂಶಗಳನ್ನೂ ಸೇರಿಸಿಕೊಳ್ಳಬಹುದು ಎಂಬ ಸಲಹೆಯ ಮೇರೆಗೆ ಒಳಬಳೆಯ ಉಷ್ಣಸಂಸ್ಕಾರ ಮತ್ತು ಗುಂಡಿಗೂ ಹೊರಬಳೆಗೂ ಇರುವ ಹೊಂದಿಕೆಯ ವಕ್ರತೆ ಇವನ್ನೂ ಬದಲಿಸಲಾಯಿತು. ಮೂರು ಅಂಶ, ಪ್ರತಿಯೊಂದಕ್ಕೂ ಎರಡು ಮಟ್ಟ. ಒಟ್ಟು ಎಂಟು ಪ್ರಯೋಗ. ಬಾಳಿಕೆಯ ಅಳತೆಗಳಲ್ಲಿ ಆರು 16ರಿಂದ 26ರ ನಡುವೆ ಬಿದ್ದವು. ಉಳಿದ ಎರಡು 85 ಮತ್ತು 128. ಈ ಎರಡರಲ್ಲಿಯೂ ಉಷ್ಣಸಂಸ್ಕಾರ ಮತ್ತು ವಕ್ರತೆ ಎರಡನ್ನೂ ಒಟ್ಟಿಗೆ ಹೆಚ್ಚಿಸಲಾಗಿತ್ತು. ಒಂದನ್ನು ಮಾತ್ರ ಹೆಚ್ಚಿಸಿದಾಗ ಹೇಳಿಕೊಳ್ಳುವಂತಹ ಲಾಭವಿರಲಿಲ್ಲ. ಮೊದಲು ಕೇಳಿದ ಪಂಜರದ ಪ್ರಶ್ನೆಗೆ ದೊರೆತ ಉತ್ತರ, ಅದರಿಂದ ಹೆಚ್ಚಿನ ವ್ಯತ್ಯಾಸವಿಲ್ಲ ಎಂಬುದು. ಬಹುಕಾಲದಿಂದ ಬೇರಿಂಗುಗಳನ್ನು ತಯಾರಿಸುತ್ತಿದ್ದ ಕಂಪನಿಯೊಂದಕ್ಕೆ ಬಾಳಿಕೆಯನ್ನು ಐದು ಪಟ್ಟು ಹೆಚ್ಚಿಸುವ ದಾರಿ ಅಲ್ಲಿಯವರೆಗೆ ಕಾಣದಿದ್ದುದು ಎಂಜಿನಿಯರುಗಳ ಜಾಣ್ಮೆಯ ಕೊರತೆಯಿಂದಲ್ಲ.

ಹಾಗೆಂದು ಅಂಶಗಳು ಹೆಚ್ಚಿದಂತೆ ಎಲ್ಲ ಜೋಡಣೆಗಳನ್ನೂ ಪರೀಕ್ಷಿಸುವುದು ಸಾಧ್ಯವಿಲ್ಲ. ಇಂಗ್ಲೆಂಡಿನ ಹತ್ತಿ ಉದ್ಯಮದಲ್ಲಿದ್ದ ಟಿಪೆಟ್ 1930ರ ದಶಕದಲ್ಲಿ ನೂಲುವ ಯಂತ್ರವೊಂದರ ತೊಂದರೆಯನ್ನು ಹುಡುಕುವಾಗ ಐದು ಅಂಶಗಳಿಗೆ ತಲಾ ಐದು ಮಟ್ಟಗಳಿದ್ದವು. ಎಲ್ಲ ಜೋಡಣೆಗಳೂ ಸೇರಿ 3125. ಅವುಗಳಲ್ಲಿ 25ನ್ನು ಮಾತ್ರ ಕ್ರಮವಾಗಿ ಆಯ್ದು ಅವರು ಕಾರಣವನ್ನು ಕಂಡುಹಿಡಿದರು. ಹೀಗೆ ಕೆಲವನ್ನೇ ಆಯುವುದಕ್ಕೆ ಗಣಿತದ ಭದ್ರವಾದ ಬುನಾದಿ ಬೇಕು. ಆ ಬುನಾದಿಯ ಒಂದು ದೊಡ್ಡ ಭಾಗ ಭಾರತದಲ್ಲಿ, ಮಹಲನೋಬಿಸ್ ಕಲ್ಕತ್ತೆಯಲ್ಲಿ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಸಿದ್ಧವಾಯಿತು. ಆರ್.ಸಿ. ಬೋಸ್ ಮತ್ತು ಅವರ ಸಂಗಡಿಗರ ಕೆಲಸದ ಜೊತೆಗೆ, ಸಿ.ಆರ್. ರಾವ್ 1947ರಲ್ಲಿ ಪ್ರಕಟಿಸಿದ ‘ಆರ್ಥೊಗನಲ್ ಅರೇ’ ಎಂಬ ಸಮತೂಕದ ಕೋಷ್ಟಕಗಳ ಸಿದ್ಧಾಂತ ಇಂದಿಗೂ ಕೈಗಾರಿಕಾ ಪ್ರಯೋಗಗಳ ಬೆನ್ನೆಲುಬು. ರಾವ್ ಹುಟ್ಟಿದ್ದು 1920ರಲ್ಲಿ, ಆಗ ಮದರಾಸು ಪ್ರಾಂತ್ಯದಲ್ಲಿದ್ದ ಹೂವಿನ ಹಡಗಲಿಯಲ್ಲಿ; ನಿಧನರಾದದ್ದು 2023ರಲ್ಲಿ, ಅಮೆರಿಕದಲ್ಲಿ. ಅವರ ಮನೆಮಾತು ತೆಲುಗು, ಬರೆದದ್ದು ಇಂಗ್ಲಿಷಿನಲ್ಲಿ. ಹಡಗಲಿಯ ಹೆಸರು ಅಭಿಮಾನಪಡಲು ಸಾಕು, ಕನ್ನಡದಲ್ಲಿ ಈ ಜ್ಞಾನವಿದೆ ಎಂದು ಹೇಳಿಕೊಳ್ಳಲು ಸಾಲದು.

ಈ ಕೋಷ್ಟಕಗಳನ್ನು ಕಾರ್ಖಾನೆಗಳಿಗೆ ಒಯ್ದವರಲ್ಲಿ ಜಪಾನಿನ ಗೆನಿಚಿ ತಗುಚಿ ಪ್ರಮುಖರು. 1954-55ರಲ್ಲಿ ಅವರು ಕಲ್ಕತ್ತೆಯ ಇದೇ ಸಂಸ್ಥೆಯಲ್ಲಿ ಸಂದರ್ಶಕರಾಗಿದ್ದರು. ಅದಕ್ಕೆ ತುಸು ಮುನ್ನ, 1953ರಲ್ಲಿ ಜಪಾನಿನ ಇನಾ ಹಂಚಿನ ಕಾರ್ಖಾನೆಯಲ್ಲಿ ನಡೆದ ಪ್ರಯೋಗ ಅವರ ವಿಧಾನದೊಡನೆ ಸದಾ ಹೇಳಲ್ಪಡುತ್ತದೆ. ಸುರಂಗದಂತಹ ಗೂಡಿನಲ್ಲಿ ಬಂಡಿಯ ಮೇಲೆ ಪೇರಿಸಿದ ಹಂಚುಗಳಲ್ಲಿ ಹೊರಬದಿಯವಕ್ಕೆ ತಾಗುವ ಕಾವು ಬೇರೆ, ನಡುವಿನವಕ್ಕೆ ತಾಗುವ ಕಾವು ಬೇರೆ. ಆದ್ದರಿಂದ ಹಂಚುಗಳ ಅಳತೆ ಒಂದೇ ಸಮನಾಗಿ ಬರುತ್ತಿರಲಿಲ್ಲ. ಗೂಡನ್ನೇ ಹೊಸದಾಗಿ ಕಟ್ಟುವುದು ಬಹಳ ದುಬಾರಿ. ಕಾವಿನ ಏರುಪೇರನ್ನು ಹಾಗೆಯೇ ಬಿಟ್ಟು, ಮಣ್ಣಿನ ಮಿಶ್ರಣಕ್ಕೆ ಸಂಬಂಧಿಸಿದ ಏಳು ಅಂಶಗಳನ್ನು ಎಂಟು ಪ್ರಯೋಗಗಳ ಕೋಷ್ಟಕದಲ್ಲಿ ಬದಲಿಸಿ ನೋಡಲಾಯಿತು. ಸುಣ್ಣದ ಕಲ್ಲಿನ ಪ್ರಮಾಣವನ್ನು ಶೇಕಡಾ 1ರಿಂದ 5ಕ್ಕೆ ಏರಿಸಿದಾಗ ಹಂಚು ಗೂಡಿನ ಏರುಪೇರನ್ನು ತಾಳಿಕೊಳ್ಳುವಂತಾಯಿತು. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದಂದಿನಿಂದ ಹಂಚಿನ ಕೆಲಸವನ್ನು ಬಲ್ಲ ಕರಾವಳಿಯವರಿಗೆ, ಗೂಡಿನ ಯಾವ ಮೂಲೆಯ ಹಂಚು ಹೇಗೆ ಬೇಯುತ್ತದೆ ಎಂಬ ಮಾತು ಹೊಸತಾಗಿ ತೋರದು. ತಗುಚಿಯವರ ಹೊಳಹು ಇರುವುದು ಮುಂದಿನ ಹೆಜ್ಜೆಯಲ್ಲಿ. ಕೈಮೀರಿದ ಅಂಶದೊಡನೆ ಗುದ್ದಾಡುವ ಬದಲು, ಕೈಯಳವಿನ ಅಂಶಗಳಲ್ಲಿ ಯಾವುದು ಅದರ ಏಟನ್ನು ತಗ್ಗಿಸುತ್ತದೆ ಎಂದು ಹುಡುಕುವುದು. ಇದೂ ಒಂದು ಕೂಡುಪರಿಣಾಮವೇ ಎಂಬುದನ್ನು ಗಮನಿಸಬೇಕು: ಸುಣ್ಣ ಹೆಚ್ಚಿದ್ದಾಗ ಕಾವಿನ ಪರಿಣಾಮ ಕಡಿಮೆ, ಸುಣ್ಣ ಕಡಿಮೆಯಿದ್ದಾಗ ಕಾವಿನ ಪರಿಣಾಮ ಹೆಚ್ಚು.

ತಗುಚಿ ವಿಧಾನವು 1980ರ ದಶಕದಲ್ಲಿ ಅಮೆರಿಕವನ್ನು ಪ್ರವೇಶಿಸಿ, ಅಲ್ಲಿಂದ ಸಿದ್ಧ ಕೋಷ್ಟಕಗಳ ರೂಪದಲ್ಲಿ ಎಲ್ಲೆಡೆ ಹಬ್ಬಿತು. ಈ ಹಬ್ಬುವಿಕೆಯನ್ನು ವಿಮರ್ಶೆಯಿಲ್ಲದೆ ಸ್ವಾಗತಿಸುವಂತಿಲ್ಲ. ಜಾರ್ಜ್ ಬಾಕ್ಸ್ ಮೊದಲಾದವರು ತಗುಚಿಯವರ ಗುರಿಯನ್ನು ಮೆಚ್ಚಿದರೂ ಅವರ ವಿಶ್ಲೇಷಣಾ ಕ್ರಮವನ್ನು, ಅದರಲ್ಲಿಯೂ ಕೈಯಳವಿನ ಅಂಶಗಳ ನಡುವಿನ ಕೂಡುಪರಿಣಾಮಗಳನ್ನು ಬದಿಗೆ ಸರಿಸುವ ಪ್ರವೃತ್ತಿಯನ್ನು ಕಟುವಾಗಿ ಟೀಕಿಸಿದರು. ಎಂಟು ಪ್ರಯೋಗಗಳಲ್ಲಿ ಏಳು ಅಂಶಗಳನ್ನು ತುಂಬಿದಾಗ ಒಂದರ ಪರಿಣಾಮ ಇನ್ನೆರಡರ ಕೂಡುಪರಿಣಾಮದೊಡನೆ ಬೆರೆತುಹೋಗುತ್ತದೆ. ಒಬ್ಬರ ಗಳಿಕೆ ಮತ್ತೊಬ್ಬರ ಖಾತೆಗೆ ಜಮೆಯಾದಂತೆ. ಈ ಬೆರಕೆ ಮೋಸವಲ್ಲ, ಮಿತವ್ಯಯಕ್ಕೆ ತೆರುವ ಬೆಲೆ. ಆದರೆ ಯಾವ ಬೆರಕೆಯನ್ನು ಸಹಿಸಬಹುದು, ಯಾವುದನ್ನು ಸಹಿಸಲಾಗದು ಎಂಬ ತೀರ್ಮಾನವನ್ನು ಕೋಷ್ಟಕ ಹೇಳಿಕೊಡುವುದಿಲ್ಲ. ನೀರು ಮತ್ತು ಜೇಡಿ ಒಂದನ್ನೊಂದು ಬಿಟ್ಟಿರಲಾರವು ಎಂಬುದನ್ನು ಬಲ್ಲವರು ಹೇಳಬೇಕು. ಆ ಬಲ್ಲವರು ಯೋಜನೆಯ ಸಭೆಯಲ್ಲಿ ಕುಳಿತಿದ್ದಾರೆಯೇ, ಕುಳಿತಿದ್ದರೂ ಅವರಿಗೆ ಅರ್ಥವಾಗುವ ಮಾತಿನಲ್ಲಿ ಸಭೆ ನಡೆಯುತ್ತಿದೆಯೇ ಎಂಬುದು ಇಲ್ಲಿ ನಿರ್ಣಾಯಕ.

ಬಾಕ್ಸ್ ಅವರ ನಿಲುವು ಈ ದೃಷ್ಟಿಯಿಂದ ಹೆಚ್ಚು ಸ್ವೀಕಾರಾರ್ಹ. ಬ್ರಿಟನ್ನಿನ ಐ.ಸಿ.ಐ. ರಾಸಾಯನಿಕ ಕಂಪನಿಯಲ್ಲಿದ್ದಾಗ ಅವರು ವಿಲ್ಸನ್ ಅವರೊಡನೆ 1951ರಲ್ಲಿ ಪ್ರಕಟಿಸಿದ ವಿಧಾನ ಒಂದೇ ದೊಡ್ಡ ಪ್ರಯೋಗದಿಂದ ಎಲ್ಲವನ್ನೂ ತಿಳಿಯಹೊರಡುವುದಿಲ್ಲ. ಮಂಜು ಕವಿದ ಬೆಟ್ಟವನ್ನು ಹತ್ತುವವನು ಕಾಲ ಬುಡದ ಇಳಿಜಾರನ್ನು ತಡವಿ ಮುಂದಿನ ಹೆಜ್ಜೆ ಇಡುವಂತೆ, ಸಣ್ಣ ಪ್ರಯೋಗ, ಅದರಿಂದ ಕಲಿಕೆ, ಮತ್ತೆ ಪ್ರಯೋಗ. ಮೊದಲ ಪ್ರಯೋಗಕ್ಕೆ ಇರುವ ಹಣದ ಕಾಲುಭಾಗಕ್ಕಿಂತ ಹೆಚ್ಚು ವೆಚ್ಚ ಮಾಡಬಾರದು ಎಂಬ ಅವರ ಸಲಹೆ ಕರ್ನಾಟಕದ ಸಣ್ಣ ಕೈಗಾರಿಕೆಗಳಿಗೆ ಹೇಳಿಮಾಡಿಸಿದಂತಿದೆ. 1957ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಾರ್ಖಾನೆಯನ್ನು ನಿಲ್ಲಿಸದೆ, ಮಾರಾಟಕ್ಕೆ ಯೋಗ್ಯವಾದ ಸರಕನ್ನೇ ತಯಾರಿಸುತ್ತ, ಕಾವು ಒತ್ತಡಗಳನ್ನು ತೀರ ಸಣ್ಣ ಪ್ರಮಾಣದಲ್ಲಿ ಬದಲಿಸಿ ದಿನದಿನವೂ ಕಲಿಯುವ ಪದ್ಧತಿಯದು. ಅದನ್ನು ನಡೆಸಬೇಕಾದವರು ಯಂತ್ರದ ಬಳಿಯಿರುವ ಕೆಲಸಗಾರರೇ ಎಂಬುದು ಅದರ ತಿರುಳು. ಫಲಿತಾಂಶಗಳನ್ನು ಅವರ ಕಣ್ಣೆದುರಿನ ಫಲಕದಲ್ಲಿ ಬರೆಯಬೇಕಿತ್ತು. ಆ ಫಲಕದ ಭಾಷೆ ಯಾವುದು ಎಂಬ ಪ್ರಶ್ನೆ ಬ್ರಿಟನ್ನಿನಲ್ಲಿ ಏಳುವಂತಿರಲಿಲ್ಲ. ಕರ್ನಾಟಕದಲ್ಲಿ ಮೊದಲು ಏಳುವುದೇ ಆ ಪ್ರಶ್ನೆ.

ಚೀಟಿ ಎತ್ತುವ ವಿಚಾರವನ್ನು ತುಸು ವಿಸ್ತಾರವಾಗಿ ನೋಡಬೇಕು. ಭಾಷೆಯ ಕೊರತೆ ಪ್ರಯೋಗವನ್ನು ಕೆಡಿಸುವುದು ಇಲ್ಲಿಯೇ ಹೆಚ್ಚು. ಕಡಿಮೆ ಜೇಡಿಯ ಅಚ್ಚುಗಳನ್ನೆಲ್ಲ ಬೆಳಿಗ್ಗೆ ಮಾಡಿ, ಹೆಚ್ಚು ಜೇಡಿಯವನ್ನೆಲ್ಲ ಮಧ್ಯಾಹ್ನ ಮಾಡಿದರೆ ಏನಾಗುತ್ತದೆ? ಮಧ್ಯಾಹ್ನದ ಬಿಸಿಲಿಗೆ ಮರಳಿನ ನೀರು ಆರುತ್ತದೆ. ಕಂಡ ವ್ಯತ್ಯಾಸ ಜೇಡಿಯದೋ ಹೊತ್ತಿನದೋ ಹೇಳಲು ಬರುವುದಿಲ್ಲ. ಆದ್ದರಿಂದಲೇ ಪ್ರಯೋಗಗಳ ಸರದಿಯನ್ನು ಚೀಟಿಯಿಂದ ನಿರ್ಧರಿಸುತ್ತಾರೆ. ಆದರೆ ಕೆಲಸಗಾರನಿಗೆ ಕೊಟ್ಟ ಹಾಳೆಯಲ್ಲಿ ಸರದಿ ಮಾತ್ರ ಇರುತ್ತದೆ, ಕಾರಣ ಇರುವುದಿಲ್ಲ. ಒಮ್ಮೆ ಜೇಡಿ ಹೆಚ್ಚು, ಮರುಕ್ಷಣ ಕಡಿಮೆ, ಮತ್ತೆ ಹೆಚ್ಚು. ಪ್ರತಿ ಸಲವೂ ಮರಳು ಕಲಸುವ ಯಂತ್ರವನ್ನು ಖಾಲಿ ಮಾಡಬೇಕು. ಮೇಲಿನವರಿಗೆ ಕೆಲಸ ಗೊತ್ತಿಲ್ಲವೆಂದು ಅವನಿಗೆ ತೋರಿದರೆ ಅಚ್ಚರಿಯಿಲ್ಲ. ಒಂದೇ ಬಗೆಯವನ್ನು ಒಟ್ಟಿಗೆ ಮುಗಿಸಿ, ಹಾಳೆಯಲ್ಲಿ ಕೊಟ್ಟ ಕ್ರಮದಲ್ಲಿಯೇ ಬರೆದಿಡುವುದು ಅವನ ದೃಷ್ಟಿಯಲ್ಲಿ ಶ್ರಮವನ್ನು ಉಳಿಸುವ ವಿವೇಕ. ವಿಶ್ಲೇಷಣೆ ಮಾಡುವವರಿಗೆ ಇದು ತಿಳಿಯುವುದೇ ಇಲ್ಲ. ತಿಳಿದ ದಿನ ಶಿಸ್ತುಕ್ರಮದ ಮಾತು ಬರುತ್ತದೆ, ವಿವರಣೆಯ ಮಾತು ಬರುವುದಿಲ್ಲ. ಚೀಟಿಯ ಬಗೆಗಿನ ಅನುಮಾನವು ಓದುಬರಹ ಕಡಿಮೆಯಿರುವವರ ದೌರ್ಬಲ್ಯವೂ ಅಲ್ಲ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದು, ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಬರೆದು ಈ ಶಾಸ್ತ್ರಕ್ಕೆ ಅಡಿಗಲ್ಲು ಹಾಕಿದ ಗಾಸೆಟ್ ಅವರೇ ಈ ವಿಷಯದಲ್ಲಿ ಫಿಶರ್ ಅವರನ್ನು ಒಪ್ಪಲಿಲ್ಲ. ತೂಗಿಸಿ ಹಂಚುವ ಕ್ರಮವೇ ಮೇಲೆಂದು 1937ರಲ್ಲಿ ತೀರಿಕೊಳ್ಳುವವರೆಗೂ ಅವರು ವಾದಿಸಿದರು. ಗಾಸೆಟ್ ಅವರಿಗೆ ವಾದಿಸಲು ಒಂದು ಭಾಷೆಯೂ ವೇದಿಕೆಯೂ ಇದ್ದವು. ಅಚ್ಚು ಕಟ್ಟುವವನಿಗೆ ಅವು ಇಲ್ಲ. ಅವನ ವಾದ ಸರದಿಯನ್ನು ಸದ್ದಿಲ್ಲದೆ ಬದಲಿಸುವುದರಲ್ಲಿ ಪ್ರಕಟವಾಗುತ್ತದೆ.

ಸ್ವಾರಸ್ಯದ ಸಂಗತಿಯೆಂದರೆ ಆ ಕೆಲಸಗಾರನ ತೊಡಕಿಗೆ ಶಿಸ್ತಿನೊಳಗೆ ಗೌರವದ ಪರಿಹಾರವಿದೆ. ಹೊಲದಲ್ಲಿ ಉಳುಮೆಯ ಆಳವನ್ನು ಗಜಗಜಕ್ಕೆ ಬದಲಿಸಲಾಗದು. 1930ರ ದಶಕದಲ್ಲಿ ಫಿಶರ್ ಅವರ ಸಹೋದ್ಯೋಗಿ ಫ್ರಾಂಕ್ ಯೇಟ್ಸ್ ವಿವರಿಸಿದ ‘ಸ್ಪ್ಲಿಟ್ ಪ್ಲಾಟ್’ ಕ್ರಮದಲ್ಲಿ ಇಂತಹ ಅಂಶವನ್ನು ದೊಡ್ಡ ತಾಕುಗಳಿಗೂ, ಸುಲಭವಾಗಿ ಬದಲಿಸಬಹುದಾದ ಅಂಶವನ್ನು ಅದರೊಳಗಿನ ಚಿಕ್ಕ ತಾಕುಗಳಿಗೂ ಹಂಚುತ್ತಾರೆ. ಫೌಂಡ್ರಿಯಲ್ಲಿ ಒಂದು ಸಲ ಕಲಸಿದ ಮರಳು ದೊಡ್ಡ ತಾಕು. ಆ ಮರಳಿನಿಂದ ಕಟ್ಟಿದ ಒಂದೊಂದು ಅಚ್ಚು ಒಳತಾಕು. ಗುದ್ದುವ ಬಿಗಿಯನ್ನು ಅಲ್ಲಿ ಬದಲಿಸಬಹುದು. ಹೀಗೆ ಮಾಡಿದಾಗ ಲೆಕ್ಕವನ್ನೂ ಅದಕ್ಕೆ ತಕ್ಕಂತೆ ಹಾಕಬೇಕು. ಒಂದೇ ಕಲಸಿನಿಂದ ಬಂದ ಹತ್ತು ಅಚ್ಚುಗಳು ಜೇಡಿಯ ವಿಷಯದಲ್ಲಿ ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಇದನ್ನು ಮರೆತರೆ ಇಲ್ಲದ ಖಚಿತತೆ ವರದಿಗೆ ಬರುತ್ತದೆ. ಮರಳನ್ನು ಕಲಸಲು ತಗಲುವ ಶ್ರಮವನ್ನು ಕೆಲಸಗಾರ ಮೊದಲೇ ಹೇಳಿದ್ದರೆ, ಅಥವಾ ಯಾರಾದರೂ ಕೇಳಿದ್ದರೆ, ವಿನ್ಯಾಸವೇ ಬೇರೆಯಾಗುತ್ತಿತ್ತು.

ಇಂದಿನ ಕಾರ್ಖಾನೆಗಳಲ್ಲಿ ಸಂವೇದಕಗಳು ಕ್ಷಣಕ್ಷಣದ ಕಾವು, ಒತ್ತಡ, ವೇಗಗಳನ್ನು ದಾಖಲಿಸುತ್ತಿರುವಾಗ, ಯಂತ್ರಕಲಿಕೆಯ ತಂತ್ರಾಂಶಗಳು ಆ ರಾಶಿಯಿಂದ ನಿಯಮಗಳನ್ನು ಹೆಕ್ಕುತ್ತಿರುವಾಗ, ಈ ಹಳೆಯ ಶಿಸ್ತಿನ ಅಗತ್ಯವೇನೆಂದು ಕೇಳುವವರಿದ್ದಾರೆ. ರೊಥಾಮ್‌ಸ್ಟೆಡ್ಡಿನ ದಾಖಲೆಗಳ ಮುಂದೆ ಕುಳಿತ ಫಿಶರ್ ಅವರ ಇಕ್ಕಟ್ಟು ಇಲ್ಲಿ ಮರುಕಳಿಸುತ್ತದೆ. ನಡೆಯುತ್ತಿರುವ ಕಾರ್ಖಾನೆಯ ದಾಖಲೆಯಲ್ಲಿ ಅಂಶಗಳು ತಮ್ಮಷ್ಟಕ್ಕೆ ಬದಲಾಗಿರುವುದಿಲ್ಲ. ಸರಕು ಕೆಡುವ ಲಕ್ಷಣ ಕಂಡಾಗಲೆಲ್ಲ ಕೆಲಸಗಾರ ಕಾವನ್ನು ಏರಿಸುತ್ತಿದ್ದರೆ, ಕಾವು ಏರಿದಾಗ ಸರಕು ಕೆಡುತ್ತದೆ ಎಂದು ದಾಖಲೆ ಹೇಳುತ್ತದೆ. ಔಷಧಿ ಕುಡಿಯುವವರಲ್ಲಿಯೇ ಜ್ವರ ಹೆಚ್ಚಾಗಿ ಕಾಣುತ್ತದೆಂದು ಔಷಧಿಯನ್ನು ದೂರಿದಂತೆ. ಬೇಕೆಂದೇ ಬದಲಿಸಿ ನೋಡದೆ ಕಾರಣಕಾರ್ಯ ಸಂಬಂಧವನ್ನು ಖಚಿತಪಡಿಸಿಕೊಳ್ಳುವುದು ಬಹುಪಾಲು ಕಷ್ಟ. ತಂತ್ರಾಂಶ ಒಂದು ಕ್ಷಣದಲ್ಲಿ ವಿನ್ಯಾಸವನ್ನು ಬಿಡಿಸಿಕೊಡುತ್ತದೆ, ನಿಜ. ಆದರೆ ಅದು ಕೇಳುವ ಮೊದಲ ಪ್ರಶ್ನೆ, ಅಂಶಗಳು ಯಾವುವು ಎಂಬುದು. ಅದಕ್ಕೆ ಉತ್ತರ ತಂತ್ರಾಂಶದಲ್ಲಿಲ್ಲ.

ಕನ್ನಡಕ್ಕೆ ಇಂತಹ ವಿಷಯ ಹೊಸದೆಂದು ಭಾವಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಹೆಸರೇ ಹೇಳುವಂತೆ ಅದು ಕೊಡುಕೊಳ್ಳುವವರ, ಅಳೆಯುವವರ ಗಣಿತ. ಫಿಶರ್ ರೊಥಾಮ್‌ಸ್ಟೆಡ್ಡಿಗೆ ಸೇರುವ ಹಿಂದಿನ ವರ್ಷ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಬೆಂಗಳೂರಿನಿಂದ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು. ಆ ಬಳಿಕದ ವಿಜ್ಞಾನ ಸಾಹಿತ್ಯ ಗಾತ್ರದಲ್ಲಿಯೂ ಗುಣದಲ್ಲಿಯೂ ಕಡಿಮೆಯದಲ್ಲ. ಆದರೆ ಅದರ ಗಮನ ನಕ್ಷತ್ರ, ಜೀವಿ, ಅಣು, ಆರೋಗ್ಯಗಳ ಕಡೆಗೆ ಹರಿದಷ್ಟು ಉತ್ಪಾದನೆಯ ಕಡೆಗೆ ಹರಿಯಲಿಲ್ಲ. ತಿಳಿವಳಿಕೆಗಾಗಿ ಓದುವವನನ್ನು ಅದು ಎದುರಿಗಿಟ್ಟುಕೊಂಡಿತು. ತಿಳಿದು ಕೈಯಿಂದ ಮಾಡುವವನನ್ನಲ್ಲ. ಇದಕ್ಕೆ ಅಪವಾದವೆಂದರೆ ಕೃಷಿ. ಕೃಷಿ ವಿಶ್ವವಿದ್ಯಾನಿಲಯಗಳ ವಿಸ್ತರಣಾ ಸಾಹಿತ್ಯದಲ್ಲಿ ‘ಪ್ರಾತ್ಯಕ್ಷಿಕೆ ತಾಕು’ ಎಂಬ ಮಾತು ರೂಢಿಯಲ್ಲಿದೆ. ರೈತನ ‘ತಾಕು’ ಸಂಶೋಧಕನ ವರದಿಗೂ ಬಂದಿದೆ. ಇಂಗ್ಲಿಷಿನ ‘ಪ್ಲಾಟ್’ ಹೊಲದಿಂದ ಕಾರ್ಖಾನೆಗೆ ನಡೆದು ಹೋಗಬಹುದಾದರೆ ಕನ್ನಡದ ತಾಕು ಹೋಗಬಾರದೆಂಬ ನಿಯಮವೇನಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗುತ್ತದೆ. ಕಾರ್ಖಾನೆಯ ಕನ್ನಡದಲ್ಲಿ ಬ್ಯಾಚು, ಲಾಟು, ಸೆಟ್ಟಿಂಗು, ಶಿಫ್ಟು, ರಿಜೆಕ್ಷನ್ನು ಎಲ್ಲವೂ ಸಲೀಸಾಗಿ ಬೆರೆತಿರುವಾಗ ಪರಿಭಾಷೆಯ ಗೊಡವೆ ಏಕೆ ಎಂಬುದು. ಈ ಪದಗಳನ್ನು ಕಿತ್ತು ಅಚ್ಚಕನ್ನಡವನ್ನು ನೆಡಬೇಕೆಂಬ ವಾದ ಖಂಡಿತ ನಿಲ್ಲುವುದಿಲ್ಲ. ಅವು ಈಗ ಕನ್ನಡದವೇ. ಆದರೆ ಅವೆಲ್ಲ ವಸ್ತುಗಳ, ಘಟನೆಗಳ ಹೆಸರುಗಳು; ಕೆಲಸದೊಡನೆ ತಾವಾಗಿ ಬಂದವು. ಕೂಡುಪರಿಣಾಮ, ಬೆರಕೆ, ಸರೀಕರ ಹೋಲಿಕೆ, ಚೀಟಿಯ ಸರದಿ ಇವು ಸಂಬಂಧಗಳ ಹೆಸರುಗಳು. ಇಂತಹವನ್ನು ಇಂಗ್ಲಿಷಿನಲ್ಲಿ ಹೇಳಿದರೆ ಕೆಲಸಗಾರ ತಲೆಯಾಡಿಸಬಹುದು. ತನ್ನ ಅನುಭವವನ್ನು ಅದಕ್ಕೆ ಎದುರಿಟ್ಟು ‘ಹಾಗಲ್ಲ ಸಾರ್, ಮಳೆಗಾಲದಲ್ಲಿ ಬೇರೆ’ ಎಂದು ಹೇಳಲಾರ. ಆ ಒಂದು ಮಾತು ಬಾರದೆ ಹೋದರೆ ವಿನ್ಯಾಸದಿಂದ ಮಳೆಗಾಲವೇ ಬಿಟ್ಟುಹೋಗುತ್ತದೆ.

ಕುಂಬಾರಿಕೆ, ನೇಯ್ಗೆ, ಮೀನುಗಾರಿಕೆ, ಬೇಸಾಯಗಳ ವೃತ್ತಿಪದಗಳನ್ನು ಸಂಗ್ರಹಿಸುವ ಕೆಲಸವನ್ನು ಕನ್ನಡದ ವಿದ್ವಾಂಸರು ಶ್ರದ್ಧೆಯಿಂದ ಮಾಡಿದ್ದಾರೆ. ಅಳಿವಿನ ಅಂಚಿನಲ್ಲಿರುವುದನ್ನು ಉಳಿಸಿಕೊಳ್ಳುವ ಕಳಕಳಿ ಅದರ ಹಿಂದಿದೆ. ಆದರೆ ಫೌಂಡ್ರಿ, ಲೇತು, ಬಣ್ಣದ ಮನೆ, ಔಷಧದ ಗುಳಿಗೆಯ ಯಂತ್ರ ಇವುಗಳ ಸುತ್ತ ಈ ಹೊತ್ತು ಬೆಳೆಯುತ್ತಿರುವ ಕನ್ನಡಕ್ಕೆ ವೃತ್ತಿಭಾಷೆಯ ಮಾನ್ಯತೆ ಅಷ್ಟಾಗಿ ದೊರೆತಿಲ್ಲ. ಪೀಣ್ಯದ ಯಂತ್ರಶಾಲೆಯಲ್ಲಿ ಉತ್ತರ ಕರ್ನಾಟಕದ ಹುಡುಗನೂ ಮಂಡ್ಯದ ಹುಡುಗನೂ ಒಂದೇ ದೋಷವನ್ನು ಏನೆಂದು ಕರೆಯುತ್ತಾರೆ, ಬೆಳಗಾವಿಯ ಅಚ್ಚುಮನೆಯಲ್ಲಿ ಮರಳಿನ ಹದಕ್ಕೆ ಕನ್ನಡ ಮರಾಠಿಗಳೆರಡರಿಂದಲೂ ಎಷ್ಟು ಮಾತುಗಳು ಸೇರಿವೆ ಎಂಬುದು ಕ್ಷೇತ್ರಕಾರ್ಯದಿಂದ ತಿಳಿಯಬೇಕಾದ ವಿಷಯ. ಕನ್ನಡ ವಿಭಾಗದಲ್ಲಿ ಇದು ಪಿಎಚ್.ಡಿ.ಗೆ ತಕ್ಕ ವಿಷಯವೆಂದು ಒಪ್ಪಿತವಾಗಬೇಕು. ಸಂಖ್ಯಾಶಾಸ್ತ್ರ ವಿಭಾಗದ ಒಬ್ಬರು ಸಹಮಾರ್ಗದರ್ಶಕರಾಗಿರಬೇಕು. ಪದಕೋಶವೊಂದೇ ಅದರ ಫಲವಾಗಬೇಕಾಗಿಲ್ಲ. ಒಂದು ಕಸುಬು, ಅದರ ಒಂದು ದೋಷ, ಮೂರು ಅಂಶ, ಎಂಟು ಪ್ರಯೋಗ, ಚೀಟಿ ಎತ್ತುವುದರಿಂದ ಹಿಡಿದು ಫಲಿತಾಂಶವನ್ನು ಗೋಡೆಯ ಫಲಕದಲ್ಲಿ ಬರೆಯುವವರೆಗೆ ಇಪ್ಪತ್ತು ಪುಟಗಳ ಒಂದು ಕೈಪಿಡಿ ಸಾಕು. ಅದರ ಕರಡನ್ನು ಅಚ್ಚಿಗೆ ಕೊಡುವ ಮುನ್ನ ವಿಷಯತಜ್ಞರ ಸಮಿತಿಯ ಜೊತೆಗೆ ಅಚ್ಚು ಕಟ್ಟುವ ಇಬ್ಬರಾದರೂ ಓದಿ ತಿದ್ದಿರಬೇಕು.